ಷರಾ

ಮೂವತ್ತೊಂದು ವರ್ಷ ಬೈತಖೋಲದ ಬಂದರಿನಲ್ಲಿ
ನೀರಿನ ಎತ್ತರ ಬರೆದವನು ನಾನು.
ತಾಸಿಗೊಮ್ಮೆ ಅಳತೆಗೋಲಿನ ಮುಂದೆ ಬಗ್ಗಿ,
ಟಾರ್ಚು ಬಿಟ್ಟು, ಮೀಟರು, ಸೆಂಟಿಮೀಟರು.
ಒಂದು ಅಲೆ ಒಂದು ಹೇಳುತ್ತದೆ, ಹಿಂದಿನದು ಇನ್ನೊಂದು;
ಎರಡರ ನಡುವಿನದನ್ನು ಬರಿ ಅಂದಿದ್ದರು
ಕೆಲಸ ಕಲಿಸಿದ ದತ್ತಾರಾಮ ಪಡ್ತಿ.
ಬರೆದೆ. ಸಮುದ್ರ ಒಮ್ಮೆಯೂ ಓದಿ ನೋಡಲಿಲ್ಲ.

ಈಗ ಉಳಿದ ರಿಜಿಸ್ಟರಿನಲ್ಲಿ ಮನೆ ಬರೆಯುತ್ತೇನೆ.
ಖಾನೆಗಳು ಮೊದಲೇ ಇವೆ:
ದಿನಾಂಕ, ವೇಳೆ, ಉಬ್ಬರ, ಇಳಿತ, ಗಾಳಿ, ಷರಾ.
ತುಂಬುವುದಷ್ಟೇ.

ಬುಧವಾರ, ಆರೂ ಹತ್ತು: ಹಾಲು ಉಕ್ಕಿತು. ಇದು ಉಬ್ಬರಕ್ಕೆ.
ಎಂಟೂವರೆ: ಓಜಸನ ಎಡಗಾಲಿನ ಚಪ್ಪಲಿ ಇಲ್ಲ.
ಎಂಟೂ ಮೂವತ್ತೆಂಟು: ಸಿಕ್ಕಿತು, ಅಕ್ಕಿ ಡಬ್ಬದ ಹಿಂದೆ.
ಯಾರೂ ಒಪ್ಪಿಕೊಂಡಿಲ್ಲ.
ಮಧ್ಯಾಹ್ನ ಬಳಚಿನ ಸುಕ್ಕೆ. ಸೊಸೆ ಎಣಿಸದೆ ಬಡಿಸಿದಳು,
ಪ್ರಣಾಲಿ ಎಣಿಸಿಯೇ ತಿಂದಳು, ನಲವತ್ತೆರಡು ಚಿಪ್ಪು.
ಗಾಳಿ ನೈಋತ್ಯದಿಂದ. ಕರೆಂಟು ಹೋಗಿ
ಎಲ್ಲರೂ ಮೆಟ್ಟಿಲಿಗೆ ಬಂದು ಕೂತರು,
ಬಂದ ಮೇಲೂ ಸ್ವಲ್ಪ ಹೊತ್ತು ಏಳಲಿಲ್ಲ.

ಚಪ್ಪಲಿಗೂ ಚರಿತ್ರೆಯಾ, ಎನ್ನುತ್ತಾಳೆ ಶೇವಂತಿ.

ನನ್ನ ಅಜ್ಜನ ಬಗ್ಗೆ ನನಗೆ ಗೊತ್ತಿರುವುದು ಮೂರೇ:
ಹಾಯಿ ಮಚವೆಯ ತಾಂಡೇಲನಾಗಿದ್ದ,
ಸಿಟ್ಟಿನವ,
ಸತ್ತ.
ಚಹಾ ಬಸಿಯಲ್ಲಿ ಕುಡಿಯುತ್ತಿದ್ದನೋ ಲೋಟದಲ್ಲೋ,
ಮಳೆಗೆ ಮುಂಚೆ ಯಾವ ಮೊಣಕಾಲು ನೋಯುತ್ತಿತ್ತು,
ಯಾರ ತಮಾಷೆಗೆ ನಗುತ್ತಿದ್ದ?
ಬಂದರಿನ ಹಳೇ ದಫ್ತರದಲ್ಲಿ ಅವನ ಮಚವೆಯ ಭಾರ ಸಿಕ್ಕಿತು,
ಎಷ್ಟು ಖಂಡಿ ಸರಕು, ಯಾವ ಊರಿಗೆ.
ಅವನು ಸಿಗಲಿಲ್ಲ.

ಸಮುದ್ರಕ್ಕೊಂದು ಸೊನ್ನೆ ಇರುತ್ತದೆ, ಮಕ್ಕಳೇ.
ಧಕ್ಕೆಯ ಕಲ್ಲಿಗೆ ಬಡಿದ ಹಿತ್ತಾಳೆ ಬಿಲ್ಲೆಯಿಂದ
ಲೆಕ್ಕ ಹಾಕಿ ಕೆಳಗಿಳಿಸಿದ ಸೊನ್ನೆ;
ನೀರು ಅದಕ್ಕಿಂತ ಕೆಳಗೆ ಹೋಗುವುದು ಅಪರೂಪ.
ಮನೆಗೂ ಒಂದು ಬೇಕಲ್ಲ ಎಂದು ಹುಡುಕಿದೆ.
ನಿಮ್ಮ ಅಜ್ಜಿಯ ಮೌನ ಇರಬಹುದು ಅಂದುಕೊಂಡೆ.
ಅದೂ ಏರುತ್ತದೆ, ಇಳಿಯುತ್ತದೆ.
ಇನ್ನೂ ಸಿಕ್ಕಿಲ್ಲ.

ಮೊನ್ನೆ ಅವಳು ಕನ್ನಡಕ ಏರಿಸಿಕೊಂಡು ಹಿಂದಿನ ತಿಂಗಳು ಓದಿದಳು.
ತಾರೀಖು ಹದಿನಾಲ್ಕು, ರಾತ್ರಿ: ಸಾರು ಉಪ್ಪು. ಶೇವಂತಿ ಊಟ ಬಿಟ್ಟಳು.
ತುಂಬ ಹೊತ್ತು ಆ ಸಾಲಿನ ಮೇಲೇ ಬೆರಳಿತ್ತು.
"ಬಟ್ಟಲು ಗೋಡೆಗೆ ಹೋದದ್ದು
ಯಾವ ಖಾನೆಯಲ್ಲಿದೆ?"

ಪುಟ ಹರಿಯಲೇ ಅಂದೆ. ಬೇಡ ಅಂದಳು.
ಬಂದರಿನಲ್ಲೂ ಅದೇ ನಿಯಮ:
ಹರಿಯುವಂತಿಲ್ಲ, ರಬ್ಬರು ಮುಟ್ಟುವಂತಿಲ್ಲ.
ತಪ್ಪಿದರೆ ಒಂದೇ ಗೆರೆ ಎಳೆ, ಅಡಿಯದು ಓದಲು ಬರಬೇಕು;
ಮೇಲೆ ಸರಿಯಾದದ್ದು, ಪಕ್ಕಕ್ಕೆ ಸಹಿ.
ಗೆರೆ ಎಳೆದೆ. ಕೈ ನಡುಗಿದ್ದು
ವಯಸ್ಸಿಗೆ ಅಂತ ಇಟ್ಟುಕೊಳ್ಳಿ.
ಷರಾ: ಉಪ್ಪು ಸರಿಯಾಗಿತ್ತು. ಬಟ್ಟಲು ಎಸೆದವನು ನಾನು.
ಓಜಸ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಓಜಸ, ನೀನು ಮರೆತಿದ್ದರೆ ಒಳ್ಳೆಯದು.
ಮರೆಯದಿದ್ದರೆ,
ನಾನೂ ಮರೆತಿಲ್ಲ ಎಂಬುದಕ್ಕೆ ಈ ಗೆರೆ.

ಇವತ್ತು ಶನಿವಾರ. ನಾನು ಮಲಗಿದ್ದಾಗ
ಪ್ರಣಾಲಿ ನನ್ನ ಪೆನ್ಸಿಲು ತೆಗೆದಿದ್ದಾಳೆ.
ಷರಾದಲ್ಲಿ ಜಾಗ ಸಾಲದೆ ಮುಂದಿನ ಸಾಲಿಗೂ ಇಳಿದ
ದೊಡ್ಡ ದೊಡ್ಡ ಅಕ್ಷರ:
ಅಜ್ಜ ಎರಡರಿಂದ ನಾಲ್ಕೂವರೆ ತನಕ ಗೊರಕೆ.
ನಡುವೆ ಒಂದು ಸಲ
ಆಯೀ ಎಂದು ಯಾರನ್ನೋ ಕರೆದ.

ತಾಳೆ ನೋಡಲು ನನ್ನ ಹತ್ತಿರ ಏನೂ ಇಲ್ಲ.
ಪಕ್ಕದಲ್ಲಿ ಸಹಿ ಹಾಕಿದೆ.